ಸಹಿಯ ಮೇಲಿನ ಸಾಲುಗಳು

ಬಟನ್ ಗ್ವಿನೆಟ್‌ನ ಕೈಬರಹ ಇಂದಿಗೂ ಉಳಿದುಬಂದಿದ್ದರೆ ಅದರಲ್ಲಿ ಅವನಿಗೆ ಸಾಲ ಕೊಟ್ಟವರ ಪಾಲು ದೊಡ್ಡದು. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿ 1735ರಲ್ಲಿ ಹುಟ್ಟಿದ ಈ ಪಾದ್ರಿಯ ಮಗ ಅಮೆರಿಕದ ಜಾರ್ಜಿಯಾಕ್ಕೆ ಬಂದು ಸವಾನಾ ಪಟ್ಟಣದಲ್ಲಿ ಅಂಗಡಿ ಹಾಕಿದ. ವ್ಯಾಪಾರ ಕೈಹಿಡಿಯಲಿಲ್ಲ. 1765ರಲ್ಲಿ ಸೇಂಟ್ ಕ್ಯಾಥರೀನ್ಸ್ ಎಂಬ ದ್ವೀಪವನ್ನು ಸಾಲ ಮಾಡಿ ಕೊಂಡು ಬೇಸಾಯಕ್ಕಿಳಿದ. ಅದೂ ಕೈಹಿಡಿಯಲಿಲ್ಲ. ಸಾಲಪತ್ರದ ಮೇಲೆ ಸಾಲಪತ್ರ ಬರೆದುಕೊಟ್ಟ. ಆಮೇಲೆ ರಾಜಕೀಯಕ್ಕೆ ಬಂದು, 1776ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದ 56 ಮಂದಿಯಲ್ಲಿ ಒಬ್ಬನಾದ. ಮರುವರ್ಷ ಮೇ 16ರಂದು ಸೇನಾಧಿಕಾರಿ ಲ್ಯಾಕ್ಲನ್ ಮ್ಯಾಕಿಂಟಾಷ್‌ನ ಎದುರು ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತ. ಇಬ್ಬರಿಗೂ ಗುಂಡು ತಾಗಿತು. ಮ್ಯಾಕಿಂಟಾಷ್ ಬದುಕಿಕೊಂಡ. ಗ್ವಿನೆಟ್ ಮೂರು ದಿನ ನರಳಿ ಸತ್ತ.

ಘೋಷಣೆಗೆ ರುಜು ಹಾಕಿದ ಮೇಲೆ ಅವನು ಬದುಕಿದ್ದು ಒಂದು ವರ್ಷವೂ ಇಲ್ಲ. ಹೀಗಾಗಿ ಅವನ ಸಹಿ ಇರುವ ಕಾಗದಗಳು ಇಂದು ಜಗತ್ತಿನಲ್ಲಿ ಐವತ್ತರ ಆಸುಪಾಸಿನಷ್ಟು ಮಾತ್ರ ಸಿಗುತ್ತವೆ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ 1757ರಲ್ಲಿ ನಡೆದ ಅವನ ಮದುವೆಯ ದಾಖಲೆಯನ್ನೂ ಸಂಗ್ರಾಹಕರು ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. 1927ರಲ್ಲಿ ಅವನ ಸಹಿ ಇದ್ದ ಒಂದು ಕಾಗದಕ್ಕೆ ಫಿಲಡೆಲ್ಫಿಯಾದ ಪುಸ್ತಕ ವ್ಯಾಪಾರಿ ಎ.ಎಸ್.ಡಬ್ಲ್ಯು. ರೋಸೆನ್‌ಬಾಕ್ 51,000 ಡಾಲರ್ ಕೊಟ್ಟ. 2010ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಅವನ ಇನ್ನೊಂದು ಸಹಿ 7,22,500 ಡಾಲರಿಗೆ ಹೋಯಿತು. ಬದುಕಿದ್ದಾಗ ಈ ರುಜುವನ್ನು ನಂಬಿ ಸಾಲ ಕೊಟ್ಟವರು ಪಟ್ಟ ಪಾಡನ್ನು ನೆನೆದರೆ ಈ ಅಂಕಿ ಓದಲು ಕಷ್ಟವಾಗುತ್ತದೆ.

ಇಷ್ಟು ಬೆಲೆ ಗ್ವಿನೆಟ್ ದೊಡ್ಡ ಮನುಷ್ಯನಾಗಿದ್ದನೆಂದು ಬಂದದ್ದಲ್ಲ. ವಾಷಿಂಗ್ಟನ್, ಜೆಫರ್‌ಸನ್, ಫ್ರಾಂಕ್ಲಿನ್ ಬರೆದ ಒಳ್ಳೊಳ್ಳೆಯ ಕಾಗದಗಳು ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ. ಬೆಲೆ ಬಂದದ್ದು 56 ಎಂಬ ಲೆಕ್ಕದಿಂದ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಸಂಗ್ರಾಹಕರು ಘೋಷಣೆಗೆ ರುಜು ಹಾಕಿದ ಎಲ್ಲರ ಕೈಬರಹವನ್ನೂ ಒಟ್ಟುಗೂಡಿಸುವ ಹಟ ಹಿಡಿದರು. ಒಬ್ಬನದು ಕಡಿಮೆಯಾದರೂ ಸರ ಪೂರ್ತಿಯಾಗದು. ಐವತ್ತೈದು ಮಣಿ ಪೋಣಿಸಿದವನಿಗೆ ಉಳಿದ ಒಂದು ಮಣಿಯ ಬೆಲೆಯನ್ನು ಮಾರುವವನೇ ಗೊತ್ತುಮಾಡುತ್ತಾನೆ.

ದಕ್ಷಿಣ ಕ್ಯಾರೊಲಿನಾದ ಥಾಮಸ್ ಲಿಂಚ್ ಜೂನಿಯರ್ ಇಂಥ ಇನ್ನೊಂದು ಮಣಿ. 1779ರಲ್ಲಿ ಮೂವತ್ತರ ವಯಸ್ಸಿಗೆ, ಕಾಯಿಲೆ ವಾಸಿಯಾದೀತೆಂದು ಹಡಗು ಹತ್ತಿ ಹೋದವನು ಸಮುದ್ರದಲ್ಲೇ ಕಣ್ಮರೆಯಾದ. ಅವನ ಸಹಿಗಳಲ್ಲಿ ಹೆಚ್ಚಿನವು ಅವನದೇ ಪುಸ್ತಕಗಳ ಮೊದಲ ಹಾಳೆಯಿಂದ ಕತ್ತರಿಸಿಕೊಂಡ ಚೂರುಗಳು. ಅದೇ ಘೋಷಣೆಗೆ ರುಜು ಹಾಕಿದ ಮೇರಿಲ್ಯಾಂಡಿನ ಚಾರ್ಲ್ಸ್ ಕ್ಯಾರಲ್ 95 ವರ್ಷ ಬಾಳಿ, ರುಜು ಹಾಕಿದವರಲ್ಲಿ ಕೊನೆಯವನಾಗಿ 1832ರಲ್ಲಿ ತೀರಿಕೊಂಡ. ಹಸ್ತಾಕ್ಷರ ಕೇಳಿಕೊಂಡು ಜನ ಮನೆಗೆ ಕಾಗದ ಬರೆಯುವ ಕಾಲವನ್ನೂ ಅವನು ಕಂಡ. ಅವನ ಸಹಿ ಧಾರಾಳವಾಗಿ ಸಿಗುತ್ತದೆ. ರೋಡ್ ಐಲೆಂಡಿನ ಸ್ಟೀಫನ್ ಹಾಪ್‌ಕಿನ್ಸ್‌ಗೆ ಕೈನಡುಕ ಇತ್ತು. ಘೋಷಣೆಯ ಮೇಲಿನ ಅವನ ಹೆಸರು ಅಲೆ‌ಅಲೆಯಾಗಿದೆ. ಆ ನಡುಕದ ಗೆರೆಯನ್ನು ನೋಡುವಾಗ ಮಾತ್ರ ಸಹಿಯೊಂದೇ ಸಾಕು, ಮೇಲೆ ಬೇರೆ ಸಾಲು ಬೇಡ ಎನ್ನಿಸುತ್ತದೆ. ಮಿಕ್ಕ ಕಡೆಯೆಲ್ಲ ನನ್ನ ಅಭಿಪ್ರಾಯ ಬೇರೆ. ಬರೀ ಸಹಿಯ ಮೇಲಿನ ಮೋಹ ಈ ಕಾಗದಗಳನ್ನು ಉಳಿಸಿದ್ದೂ ಹೌದು, ಹಾಳು ಮಾಡಿದ್ದೂ ಹೌದು.

*

ಅಮೆರಿಕದ ಮೊದಲ ದೊಡ್ಡ ಸಂಗ್ರಾಹಕ ವಿಲಿಯಂ ಬ್ಯುಯೆಲ್ ಸ್ಪ್ರೇಗ್ ಪಾದ್ರಿಯಾದದ್ದು ಆಮೇಲೆ. 1815ರಲ್ಲಿ ಯೇಲ್ ಕಾಲೇಜಿನಿಂದ ಆಗಷ್ಟೇ ಹೊರಬಂದಿದ್ದ ಅವನು ವರ್ಜೀನಿಯಾಕ್ಕೆ ಮನೆಪಾಠ ಹೇಳಲು ಹೋದ. ಆ ಮನೆಯ ಯಜಮಾನ ಜಾರ್ಜ್ ವಾಷಿಂಗ್ಟನ್ನನ ಸೋದರಿಯ ಮಗ ಲಾರೆನ್ಸ್ ಲೂಯಿಸ್. ವಾಷಿಂಗ್ಟನ್ ತೀರಿಕೊಂಡು ಆಗ ಹದಿನಾರು ವರ್ಷ. ಅವನ ಕಾಗದಪತ್ರಗಳು ತಮ್ಮನ ಮಗ ಬುಷ್‌ರಾಡ್ ವಾಷಿಂಗ್ಟನ್ನನ ವಶದಲ್ಲಿದ್ದವು. ಬೇಕಾದ ಕಾಗದ ತೆಗೆದುಕೊಳ್ಳಬಹುದು, ಆದರೆ ಪ್ರತಿಯೊಂದರ ಜಾಗದಲ್ಲೂ ನಕಲು ಬರೆದಿಡಬೇಕು ಎಂಬ ಕರಾರಿನ ಮೇಲೆ ಬುಷ್‌ರಾಡ್ ಆ ಹುಡುಗನಿಗೆ ಅನುಮತಿ ಕೊಟ್ಟ. ಸ್ಪ್ರೇಗ್ ಸುಮಾರು 1,500 ಕಾಗದ ತೆಗೆದುಕೊಂಡ. ಕರಾರಿನಂತೆ ನಕಲು ಬರೆದಿಟ್ಟ. ಮಾತು ತಪ್ಪಲಿಲ್ಲ. ಆದರೂ ಒಬ್ಬ ಸೇನಾಪತಿ ವರ್ಷಗಟ್ಟಲೆ ಕಟ್ಟಿಟ್ಟ ಕಡತದಿಂದ ಅಸಲುಗಳು ಹೋಗಿ ಮನೆಪಾಠದ ಮೇಷ್ಟರ ಬರಹ ಅಲ್ಲಿ ಕೂತಿತು. ಘೋಷಣೆಯ 56 ಸಹಿಗಳನ್ನೂ ಮೊಟ್ಟಮೊದಲು ಪೂರ್ತಿ ಮಾಡಿದವನು ಸ್ಪ್ರೇಗನೇ ಎನ್ನುತ್ತಾರೆ.

ಜಾರ್ಜಿಯಾದ ಮೂವರ ಸಹಿ ಬೇಕೆಂದರೆ ಉತ್ತರದ ಸಂಗ್ರಾಹಕರು ಸವಾನಾದ ಬ್ಯಾಂಕ್ ಕ್ಯಾಷಿಯರ್ ಇಸ್ರೇಲ್ ಟೆಫ್ಟ್‌ಗೆ ಬರೆಯಬೇಕಾಗಿತ್ತು. ಬಾಲ್ಟಿಮೋರಿನಲ್ಲಿ ರಾಬರ್ಟ್ ಗಿಲ್ಮರ್ ಎಂಬ ವರ್ತಕನಿದ್ದ. ಸ್ಪ್ರೇಗ್, ಟೆಫ್ಟ್, ಗಿಲ್ಮರ್ ಮೂವರೂ ಕಾಗದಗಳನ್ನು ಮಾರುತ್ತಿರಲಿಲ್ಲ, ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳುತ್ತಿದ್ದರು. ಮುಂದಿನ ತಲೆಮಾರಿನಲ್ಲಿ ನ್ಯೂಯಾರ್ಕಿನ ವೈದ್ಯ ಥಾಮಸ್ ಅಡಿಸ್ ಎಮ್ಮೆಟ್ ಇವರೆಲ್ಲರನ್ನೂ ಮೀರಿಸಿದ. ಕ್ರಾಂತಿಯ ಕಾಲದ ಹತ್ತು ಸಾವಿರಕ್ಕೂ ಹೆಚ್ಚು ಕಾಗದಗಳನ್ನು ಕೂಡಿಹಾಕಿದ. ಅವು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಇಂಥವರು ಇಲ್ಲದಿದ್ದರೆ ಎಷ್ಟೋ ಕಾಗದ ಒಲೆ ಸೇರುತ್ತಿತ್ತು, ಇಲ್ಲವೆ ಕಿರಾಣಿ ಅಂಗಡಿಯ ಪೊಟ್ಟಣವಾಗುತ್ತಿತ್ತು. ಆ ಋಣವನ್ನು ಮರೆತು ಮಾತಾಡುವುದು ಸಲ್ಲದು.

ಆದರೆ ಜೇರ್ಡ್ ಸ್ಪಾರ್ಕ್ಸ್ ಕೈಯಲ್ಲಿ ಕತ್ತರಿ ಇತ್ತು. ಮುಂದೆ ಹಾರ್ವರ್ಡ್ ಕಾಲೇಜಿನ ಅಧ್ಯಕ್ಷನಾದ ಈ ವಿದ್ವಾಂಸ 1827ರಲ್ಲಿ ವಾಷಿಂಗ್ಟನ್ನನ ಕಾಗದಗಳನ್ನು ಬಾಸ್ಟನ್ನಿಗೆ ತರಿಸಿಕೊಂಡು ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಆ ಕಡತಗಳಲ್ಲಿ ಅರವತ್ತಕ್ಕೂ ಹೆಚ್ಚು ಪುಟಗಳ ಒಂದು ಭಾಷಣವಿತ್ತು. 1789ರ ಏಪ್ರಿಲ್ 30ರಂದು ಮೊದಲ ರಾಷ್ಟ್ರಾಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಂಡಾಗ ಓದಬೇಕೆಂದು ಸಿದ್ಧವಾದ ಕರಡು ಅದು; ಇಡೀ ಪ್ರತಿ ವಾಷಿಂಗ್ಟನ್ನನ ಸ್ವಂತ ಕೈಬರಹ. ಅವನಿಗೆ ಸಲಹೆ ಕೊಡುತ್ತಿದ್ದ ಜೇಮ್ಸ್ ಮ್ಯಾಡಿಸನ್ ಅದನ್ನು ಒಪ್ಪಲಿಲ್ಲ. ವಾಷಿಂಗ್ಟನ್ ಬೇರೊಂದು ಚಿಕ್ಕ ಭಾಷಣ ಓದಿದ. ಓದದೆ ಬಿಟ್ಟ ಭಾಷಣಕ್ಕೆ ಬೆಲೆ ಏನು ಎಂದು ಸ್ಪಾರ್ಕ್ಸ್‌ಗೆ ಅನ್ನಿಸಿರಬೇಕು. ವಾಷಿಂಗ್ಟನ್ ಬರಹದ ಮಾದರಿ ಬೇಕೆಂದು ಕೇಳಿಕೊಂಡು ಬಂದವರಿಗೆಲ್ಲ ಆ ಪುಟಗಳನ್ನು ತುಂಡು ತುಂಡಾಗಿ ಕತ್ತರಿಸಿ ಹಂಚಿದ.

ಹಂಚಿದ್ದು ಔದಾರ್ಯದಿಂದಲೇ. ಒಬ್ಬೊಬ್ಬರಿಗೆ ನಾಲ್ಕೈದು ಸಾಲಿನ ಚೂರು. ಕೆಲವು ಚೂರುಗಳಲ್ಲಿ ವಾಕ್ಯದ ತಲೆ ಇದೆ, ಬಾಲವಿಲ್ಲ. ಹಾಳೆಯ ಎರಡು ಮಗ್ಗುಲಲ್ಲೂ ಬರಹ ಇದ್ದುದರಿಂದ ಈ ಕಡೆಯ ವಾಕ್ಯ ಉಳಿಸಲು ಹೋದರೆ ಆ ಕಡೆಯದು ಸೀಳಿಹೋಗಿದೆ. ಆಗಷ್ಟೇ ಹುಟ್ಟಿದ ದೇಶದ ಮೊದಲ ಅಧ್ಯಕ್ಷ ತನ್ನ ಜನಕ್ಕೆ ಏನು ಹೇಳಬೇಕೆಂದಿದ್ದ ಎಂಬುದನ್ನು ತಿಳಿಯಲು ಈಗಿನ ಸಂಪಾದಕರು ಹರಾಜುಗಳಲ್ಲಿ, ಲೈಬ್ರರಿಗಳಲ್ಲಿ, ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ಈ ಚೂರುಗಳನ್ನು ಹುಡುಕಿ ಒಂದರ ಪಕ್ಕ ಒಂದು ಇಟ್ಟು ಓದಬೇಕಾಗಿದೆ. ಪೂರ್ತಿ ಭಾಷಣ ಇನ್ನೂ ಕೂಡಿಬಂದಿಲ್ಲ. ಸ್ಪಾರ್ಕ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಅಚ್ಚು ಹಾಕಿಸುವಾಗ ವಾಷಿಂಗ್ಟನ್ನನ ಭಾಷೆಯನ್ನೂ ತಿದ್ದಿದ. ಸೇನಾಧಿಕಾರಿ ಪಟ್‌ನಮ್‌ನನ್ನು ವಾಷಿಂಗ್ಟನ್ ಸಲಿಗೆಯಿಂದ ‘ಓಲ್ಡ್ ಪಟ್’ ಎಂದು ಬರೆದಿದ್ದರೆ ಅದು ಅಚ್ಚಿನಲ್ಲಿ ‘ಜನರಲ್ ಪಟ್‌ನಮ್’ ಆಯಿತು. ಈ ತಿದ್ದುಪಡಿ ಬಯಲಾದದ್ದೇ ಅಸಲು ಕಾಗದ ಬೇರೆ ಕಡೆ ಉಳಿದಿದ್ದುದರಿಂದ.

ಸ್ಪಾರ್ಕ್ಸ್‌ನನ್ನು ಬೈಯುವಾಗ ನನಗೆ ನಮ್ಮ ಮನೆಯ ತಗಡಿನ ಟ್ರಂಕು ನೆನಪಾಗುತ್ತದೆ. ಅಜ್ಜನಿಗೆ ಬಂದ ಕಾಗದಗಳ ಲಕೋಟೆಗಳು ಅದರಲ್ಲಿದ್ದವು. ಅಂಚೆಚೀಟಿ ಕೂಡಿಹಾಕುವ ಹುಮ್ಮಸ್ಸಿನ ವಯಸ್ಸಿನಲ್ಲಿ ನಾನು ಒಂದೊಂದರ ಮೂಲೆಯನ್ನೂ ಕತ್ತರಿಸಿ, ಚೀಟಿಯನ್ನು ನೀರಲ್ಲಿ ನೆನೆಸಿ ಬಿಡಿಸಿಕೊಂಡೆ. ಚೀಟಿಯ ಜತೆಗೆ ಅಂಚೆಮುದ್ರೆಯೂ ಹೋಯಿತು. ಯಾವ ಊರಿಂದ, ಯಾವ ತಾರೀಕಿಗೆ ಬಂದ ಕಾಗದ ಎಂದು ಹೇಳುವ ಗುರುತೇ ಅದು. ಇಂದು ಆ ಕಾಗದಗಳನ್ನು ಓದಿ ಮನೆತನದ ಕಥೆ ಜೋಡಿಸಲು ಕೂತರೆ ಆ ಮೂಲೆಗಳ ತೂತು ಕಣ್ಣಿಗೆ ಚುಚ್ಚುತ್ತದೆ.

*

ಇಡೀ ಕಾಗದ ಕೈಗೆ ಸಿಕ್ಕರೆ ಅದರಲ್ಲಿ ಸಹಿಗಿಂತ ಹೆಚ್ಚಿನದು ಎಷ್ಟೋ ಇರುತ್ತದೆ. ಆ ಕಾಲದಲ್ಲಿ ಲಕೋಟೆ ಬಳಕೆಗೆ ಬಂದಿರಲಿಲ್ಲ. ಬರೆದ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಹೊರಮಗ್ಗುಲಿಗೆ ವಿಳಾಸ ಬರೆಯುತ್ತಿದ್ದರು. ಅಮೆರಿಕದಲ್ಲಿ ಅಂಚೆಚೀಟಿ ಬಂದದ್ದು 1847ರಲ್ಲಿ. ಅಧಿಕಾರದಲ್ಲಿದ್ದವರಿಗೆ ಕಾಸಿಲ್ಲದೆ ಕಾಗದ ಕಳಿಸುವ ಹಕ್ಕಿತ್ತು, ಅದಕ್ಕಾಗಿ ಅವರು ವಿಳಾಸದ ಮಗ್ಗುಲಲ್ಲೂ ಹೆಸರು ಬರೆಯುತ್ತಿದ್ದರು. ಅಂಚೆ ಇಲಾಖೆಯ ಮುಖ್ಯಸ್ಥನಾಗಿದ್ದ ಫ್ರಾಂಕ್ಲಿನ್ ತನ್ನ ಹೆಸರಿನ ನಡುವೆ ‘ಫ್ರೀ’ ಎಂಬ ಮಾತು ಸೇರಿಸಿ ‘ಬಿ. ಫ್ರೀ ಫ್ರಾಂಕ್ಲಿನ್’ ಎಂದು ಬರೆದ. ಕಾಸಿಲ್ಲದೆ ಹೋಗುವ ಕಾಗದ ಎಂದೂ ಓದಬಹುದು, ಫ್ರಾಂಕ್ಲಿನ್ನನನ್ನು ಬಿಡುಗಡೆ ಮಾಡಿ ಎಂದೂ ಓದಬಹುದು.

ಸಂಗ್ರಾಹಕರು ಕಾಗದಗಳನ್ನು ಮೂರು ಬಗೆಯಾಗಿ ಎಣಿಸುತ್ತಾರೆ. ಒಳಗಿನ ಬರಹವೂ ಸಹಿಯೂ ಅದೇ ವ್ಯಕ್ತಿಯದಾದರೆ ಎ.ಎಲ್.ಎಸ್., ಬೇರೊಬ್ಬರು ಬರೆದು ಇವರು ಸಹಿ ಮಾಡಿದ್ದರೆ ಎಲ್.ಎಸ್., ಆಜ್ಞೆಪತ್ರ ಹಕ್ಕುಪತ್ರಗಳಂಥವಾದರೆ ಡಿ.ಎಸ್. ಯುದ್ಧದ ವರ್ಷಗಳಲ್ಲಿ ವಾಷಿಂಗ್ಟನ್ ಹೆಸರಿನಲ್ಲಿ ಹೋದ ಕಾಗದಗಳಲ್ಲಿ ಬಹುಪಾಲು ಎರಡನೆಯ ಬಗೆಯವು. ಜನರಲ್ ಹೇಳುತ್ತಿದ್ದ, ಸಹಾಯಕರು ಬರೆಯುತ್ತಿದ್ದರು. 1777ರಿಂದ 1781ರವರೆಗೆ ಆ ಸಹಾಯಕರಲ್ಲಿ ಒಬ್ಬನಾಗಿದ್ದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಸಹಿಯೊಂದನ್ನೇ ಕತ್ತರಿಸಿಕೊಂಡವರು ಎಷ್ಟು ಸಲ ಹ್ಯಾಮಿಲ್ಟನ್ನನ ಕೈಬರಹವನ್ನು ಕಸದಬುಟ್ಟಿಗೆ ಹಾಕಿದರೋ! ಜಮೀನಿನ ಹಕ್ಕುಪತ್ರಗಳ ಕಥೆ ಇನ್ನೊಂದು. ಅವುಗಳಿಗೆ ಅಧ್ಯಕ್ಷರೇ ಸಹಿ ಹಾಕಬೇಕಿತ್ತು. ಆಂಡ್ರ್ಯೂ ಜಾಕ್ಸನ್ ಕಾಲಕ್ಕೆ ಹಕ್ಕುಪತ್ರಗಳ ರಾಶಿ ಬೆಳೆದು, 1833ರಲ್ಲಿ ಕಾರ್ಯದರ್ಶಿ ಸಹಿ ಹಾಕಿದರೆ ಸಾಕು ಎಂಬ ಕಾನೂನು ಬಂತು. ಅಲ್ಲಿಂದಾಚೆಗಿನ ಹಕ್ಕುಪತ್ರದ ಮೇಲೆ ಅಧ್ಯಕ್ಷನ ಹೆಸರಿದ್ದರೂ ಅದು ಅವನ ಕೈಯದಲ್ಲ. ಹೊಸಬರು ಮೋಸ ಹೋಗುವ ಜಾಗ ಇದು.

ಜೆಫರ್‌ಸನ್ ಕಾಗದಗಳನ್ನು ಸಹಿ ನೋಡದೆಯೂ ಗುರುತಿಸಬಹುದು. ವಾಕ್ಯದ ಮೊದಲ ಅಕ್ಷರವನ್ನು ಅವನು ದೊಡ್ಡದಾಗಿ ಬರೆಯುವುದು ಕಡಿಮೆ. 1786ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಬಲಗೈ ಮಣಿಕಟ್ಟು ಮುರಿದ ಮೇಲೆ ಕೆಲವು ವಾರ ಎಡಗೈಯಲ್ಲಿ ಬರೆದ. 1804ರಿಂದ ಎರಡು ಲೇಖನಿಗಳನ್ನು ಕೀಲುಗಳಿಂದ ಜೋಡಿಸಿದ ಪಾಲಿಗ್ರಾಫ್ ಎಂಬ ಯಂತ್ರ ಬಳಸತೊಡಗಿದ. ಒಂದು ಲೇಖನಿ ಬರೆದಂತೆ ಪಕ್ಕದ ಹಾಳೆಯ ಮೇಲೆ ಇನ್ನೊಂದೂ ಬರೆಯುತ್ತದೆ. ಕಳಿಸಿದ್ದು ಒಂದು, ಇಟ್ಟುಕೊಂಡದ್ದು ಒಂದು. ಜೀವಮಾನದಲ್ಲಿ ಸುಮಾರು 19,000 ಕಾಗದ ಬರೆದವನಿಗೆ ತನ್ನ ಮಾತಿನ ಲೆಕ್ಕ ತನ್ನ ಬಳಿ ಇರಬೇಕೆಂಬ ಕಾಳಜಿ ಇತ್ತು. ಇದಕ್ಕೆ ತದ್ವಿರುದ್ಧ ಮಾರ್ಥಾ ವಾಷಿಂಗ್ಟನ್. ಗಂಡ ಸತ್ತ ಮೇಲೆ ತಮ್ಮಿಬ್ಬರ ಕಾಗದಗಳನ್ನು ಆಕೆ ಸುಟ್ಟಳು. ಸೇನೆಯ ಮುಖ್ಯಸ್ಥನಾಗಿ ನೇಮಕವಾದೆನೆಂದು 1775ರ ಜೂನ್ 18ರಂದು ಅವನು ಬರೆದದ್ದು ಉಳಿದ ಬೆರಳೆಣಿಕೆಯ ಕಾಗದಗಳಲ್ಲಿ ಒಂದು. ಸುಟ್ಟದ್ದಕ್ಕೆ ಚರಿತ್ರಕಾರರು ಕೊರಗುತ್ತಾರೆ. ಅದು ಆಕೆಯ ಕಾಗದ, ಆಕೆಯ ಹಕ್ಕು ಎಂದೇ ನನಗೆ ತೋರುತ್ತದೆ.

ಕನ್ನಡದ ಓದುಗರಿಗೆ ಈ ಕಾಗದಗಳಲ್ಲಿ ತಮ್ಮದೇ ಊರಿನ ಸುದ್ದಿಯೂ ಸಿಗುತ್ತದೆ. 1788ರ ಬೇಸಿಗೆಯಲ್ಲಿ ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ಪ್ಯಾರಿಸ್ ಮುಟ್ಟಿದಾಗ ಜೆಫರ್‌ಸನ್ ಅಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ. ಊರಿಗೆ ಊರೇ ಅವರನ್ನು ನೋಡಲು ಮುಗಿಬಿದ್ದಿತ್ತು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆ ಹದಿನಾರನೆಯ ಲೂಯಿ ಅವರನ್ನು ಬರಮಾಡಿಕೊಂಡ. ಆ ತಿಂಗಳು ಜೆಫರ್‌ಸನ್ ತನ್ನ ಸರ್ಕಾರಕ್ಕೆ ಬರೆದ ಕಾಗದದಲ್ಲಿ ಟಿಪ್ಪುವಿನ ಜನ ಬಂದಿರುವ ಸಂಗತಿ ಇದೆ. ಶ್ರೀರಂಗಪಟ್ಟಣದಿಂದ ಹೊರಟ ರಾಯಭಾರ ಅಮೆರಿಕದ ಕಡತಕ್ಕೆ ಸೇರಿದ್ದು ಹೀಗೆ. ಯಾರಾದರೂ ಆ ಹಾಳೆಯಿಂದ ‘ಟಿಎಚ್: ಜೆಫರ್‌ಸನ್’ ಎಂಬ ಸಹಿಯನ್ನಷ್ಟೇ ಕತ್ತರಿಸಿಕೊಂಡಿದ್ದರೆ ನಮಗೆ ಸೇರಿದ ಸಾಲು ಎಲ್ಲಿರುತ್ತಿತ್ತು?

ಕಾರ್ನ್‌ವಾಲಿಸ್ ಹೆಸರನ್ನು ನಮ್ಮ ಮಕ್ಕಳು ಮೂರನೆಯ ಮೈಸೂರು ಯುದ್ಧದ ಪಾಠದಲ್ಲಿ ಓದುತ್ತಾರೆ. 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾಗಿ ಷರತ್ತುಗಳಿಗೆ ರುಜು ಹಾಕಿದ ಕೈಯೇ 1792ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೂ ರುಜು ಹಾಕಿತು. ಮೊದಲನೆಯದರಲ್ಲಿ ಅವನು ಸೋತವನು. ಎರಡನೆಯದರಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಎಳೆಯ ಮಕ್ಕಳನ್ನು ತೆಗೆದುಕೊಂಡವನು. ಎರಡರಲ್ಲೂ ಹೆಸರು ಒಂದೇ. ಬರೀ ಹೆಸರನ್ನು ಕತ್ತರಿಸಿ ಪಕ್ಕಪಕ್ಕ ಅಂಟಿಸಿದರೆ ಸೋಲು ಯಾವುದು ಗೆಲುವು ಯಾವುದು ಎಂದು ಯಾರೂ ಹೇಳಲಾರರು. ಈ ಎರಡು ರುಜುಗಳ ನಡುವೆ, 1782ರ ಏಪ್ರಿಲಿನಲ್ಲಿ, ಪೆನ್ಸಿಲ್ವೇನಿಯಾದವರ ‘ಹೈದರ್ ಅಲಿ’ ಎಂಬ ಹಡಗು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಾಂಕ್’ ಹಡಗನ್ನು ಸೆರೆಹಿಡಿಯಿತು. ಬ್ರಿಟಿಷರ ವೈರಿಯ ಹೆಸರು ಅಷ್ಟು ದೂರಕ್ಕೂ ಮುಟ್ಟಿತ್ತು.

*

ಬೆಲೆ ಬಂದ ಮೇಲೆ ಖೋಟಾ ಬಾರದೆ ಇರುತ್ತದೆಯೆ? ಇಂಗ್ಲೆಂಡಿನಿಂದ ಬಂದು ಫಿಲಡೆಲ್ಫಿಯಾದಲ್ಲಿ ಪುಸ್ತಕದಂಗಡಿ ಇಟ್ಟಿದ್ದ ರಾಬರ್ಟ್ ಸ್ಪ್ರಿಂಗ್ ವಾಷಿಂಗ್ಟನ್ನನ ಕೈಬರಹವನ್ನು ರೂಢಿ ಮಾಡಿಕೊಂಡ. ಹಳೆಯ ಪುಸ್ತಕಗಳ ಖಾಲಿ ಹಾಳೆ ಹರಿದು, ಕಾಫಿ ಗಸಿಯಿಂದ ಬಣ್ಣ ಹಿಡಿಸಿ, ಯುದ್ಧಕಾಲದ ರಹದಾರಿ ಚೀಟಿಗಳನ್ನೂ ಬಾಲ್ಟಿಮೋರ್ ಬ್ಯಾಂಕಿನ ಚೆಕ್ಕುಗಳನ್ನೂ ಬರೆದು ಮಾರಿದ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿಯಾಗಿದ್ದ ಸ್ಟೋನ್‌ವಾಲ್ ಜಾಕ್ಸನ್ನನ ಬಡಪಾಯಿ ಮಗಳೆಂದು ಹೇಳಿಕೊಂಡು ಹೊರದೇಶಗಳಿಗೂ ಕಾಗದ ಬರೆದ. ಅಂಥ ಮಗಳೇ ಇರಲಿಲ್ಲ. 1876ರಲ್ಲಿ ಕಡುಬಡತನದಲ್ಲಿ ಸತ್ತ.

ಜೋಸೆಫ್ ಕೋಸಿಯ ದಾರಿ ಬೇರೆ. 1929ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಫ್ರಾಂಕ್ಲಿನ್ ಸಹಿ ಇದ್ದ 1786ರ ಒಂದು ಪಾವತಿ ಚೀಟಿ ಕದ್ದ. ಮಾರಲು ಹೋದಾಗ ವ್ಯಾಪಾರಿ ಅದನ್ನು ಖೋಟಾ ಎಂದು ಹಿಂದಿರುಗಿಸಿದ. ಅಸಲನ್ನು ಖೋಟಾ ಎಂದವನ ಮೇಲೆ ಸೇಡು ತೀರಿಸಿಕೊಳ್ಳಲು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಲಿಂಕನ್ ಸಹಿ ಬರೆದು ಅದೇ ವ್ಯಾಪಾರಿಗೆ ಹತ್ತು ಡಾಲರಿಗೆ ಮಾರಿದ. ಅಲ್ಲಿಂದ ಅದೇ ಅವನ ಕಸುಬಾಯಿತು.

ಖೋಟಾ ಹಿಡಿಯುವವರು ಮೊದಲು ನೋಡುವುದು ಮಸಿ ಮತ್ತು ಕಾಗದ. ಆ ಕಾಲದ ಮಸಿಗೆ ಬೇಕಾದ ಸಾಮಾನುಗಳ ಹೆಸರು ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಇವತ್ತಿಗೂ ಕೇಳಿಬರುತ್ತವೆ. ಓಕ್ ಮರದ ಗಂಟು ಎಂದರೆ ಮಾಚಿಕಾಯಿ, ಜತೆಗೆ ಅನ್ನಭೇದಿ, ಗೋಂದು, ನೀರು. ಮಾಚಿಕಾಯಿಯ ಒಗರು ಅನ್ನಭೇದಿಯ ಕಬ್ಬಿಣದೊಂದಿಗೆ ಸೇರಿ ಗಾಳಿಗೆ ಕಪ್ಪಾಗುತ್ತದೆ. ಬರೆದಾಗ ಮಂಕು, ಮಾರನೆಯ ದಿನಕ್ಕೆ ಕಡುಗಪ್ಪು, ನೂರು ವರ್ಷಕ್ಕೆ ತುಕ್ಕಿನ ಕಂದು. ಹುಳಿ ಹೆಚ್ಚಿದ ಮಸಿ ಅಕ್ಷರ ಬರೆದ ಜಾಗದಲ್ಲೇ ಕಾಗದವನ್ನು ತಿಂದುಹಾಕುತ್ತದೆ. ಕಾಗದ ಮರದ್ದಲ್ಲ, ನಾರುಬಟ್ಟೆ ಮತ್ತು ಹತ್ತಿಯ ಹಳೆ ಚಿಂದಿಯದು. ಅದಕ್ಕೇ ಅದು ಇನ್ನೂರೈವತ್ತು ವರ್ಷದ ಮೇಲೂ ಮಡಿಸಿದರೆ ಮುರಿಯದು, ನಮ್ಮ ಮನೆಯ ಐವತ್ತು ವರ್ಷದ ನ್ಯೂಸ್‌ಪ್ರಿಂಟ್ ಮುಟ್ಟಿದರೆ ಪುಡಿಯಾಗುತ್ತದೆ. ಬೆಳಕಿಗೆ ಹಿಡಿದರೆ ತಂತಿಜಾಲರಿಯ ಗೆರೆಗಳೂ ತಯಾರಕನ ನೀರಚ್ಚೂ ಕಾಣುತ್ತವೆ. ವಾಷಿಂಗ್ಟನ್ ತನ್ನ ಹೆಸರಿನ ನೀರಚ್ಚಿರುವ ಕಾಗದವನ್ನೇ ಮಾಡಿಸಿಕೊಂಡಿದ್ದ. ಹಳೆಯ ಕಾಗದಕ್ಕೆ ಹಾಕಿದ ಅಂಟು ಕಾಲಕ್ಕೆ ಸವೆದಿರುವುದರಿಂದ ಅದರ ಮೇಲೆ ಹೊಸದಾಗಿ ಬರೆದ ಮಸಿ ಅಂಚಿನಲ್ಲಿ ಹರಡುತ್ತದೆ. ಮಡಿಕೆ ಇರುವ ಕಡೆ ನಾರು ಮುರಿದಿರುತ್ತದೆ. ಮಸಿ ಆ ಬಿರುಕಿಗೆ ಇಂಗಿದ್ದರೆ ಮಡಿಕೆ ಬಿದ್ದ ಮೇಲೆ ಬರೆದದ್ದು ಎಂದು ಭೂತಗನ್ನಡಿ ಹೇಳುತ್ತದೆ. ಬರೆಯುವುದೇ ಮೊದಲು, ಮಡಿಸುವುದು ಆಮೇಲೆ ಅಲ್ಲವೆ?

ಐಸಾಕ್ ಅಸಿಮೋವ್ 1953ರಲ್ಲಿ ಪ್ರಕಟಿಸಿದ ‘ಬಟನ್, ಬಟನ್’ ಎಂಬ ಕಥೆಯಲ್ಲಿ ಇದೇ ತೊಡಕು ಬರುತ್ತದೆ. ಗತಕಾಲದಿಂದ ವಸ್ತು ತರುವ ಯಂತ್ರದಿಂದ ಗ್ವಿನೆಟ್ಟನ ಅಸಲು ಸಹಿಯನ್ನೇ ತರಿಸಿಕೊಳ್ಳುತ್ತಾರೆ. ತೊಗಲಹಾಳೆಗೆ ವಯಸ್ಸಾಗಿಲ್ಲವಾದ್ದರಿಂದ ತಜ್ಞರು ಒಪ್ಪುವುದಿಲ್ಲ. ದಾಖಲೆಯ ಮೇಲೆ ಕಾಲ ಹಾಕಿದ ರುಜುವೂ ಇರಬೇಕು.

ಕಳವು ಖೋಟಾಗಿಂತ ಕ್ರೂರ ಎಂದು ನನಗನ್ನಿಸುತ್ತದೆ. 2011ರಲ್ಲಿ ಬಾಲ್ಟಿಮೋರಿನ ಒಂದು ಚರಿತ್ರೆ ಸಂಸ್ಥೆಯಲ್ಲಿ, ಅಧ್ಯಕ್ಷರ ಚರಿತ್ರಕಾರನೆಂದು ಹೆಸರು ಮಾಡಿದ್ದವನೊಬ್ಬ ಸಿಕ್ಕಿಬಿದ್ದ. ಸಿಬ್ಬಂದಿಗೆ ಕಪ್ ಕೇಕ್ ತಂದುಕೊಟ್ಟು ಸ್ನೇಹ ಬೆಳೆಸಿ, ಕೋಟಿನ ಒಳಗೆ ಹೊಲಿಸಿಕೊಂಡಿದ್ದ ಆಳದ ಜೇಬುಗಳಿಗೆ ಕಾಗದ ತುಂಬಿಕೊಳ್ಳುತ್ತಿದ್ದ. ಅವನ ಮನೆಯಿಂದ ಸುಮಾರು 10,000 ವಸ್ತುಗಳನ್ನು ಹೊತ್ತು ತಂದರು. ಏಳು ವರ್ಷ ಶಿಕ್ಷೆಯಾಯಿತು. ಅಂಥವನಿಂದ ಹೊರಗೆ ಹೋದ ಕಾಗದಕ್ಕೆ ಎಲ್ಲಿಂದ ಬಂತು ಎಂಬ ಚರಿತ್ರೆಯೇ ಅಳಿಸಿಹೋಗುತ್ತದೆ.

ಕಳೆದುಹೋದದ್ದು ಮರಳಿ ಸಿಗುವುದೂ ಉಂಟು. 1780ರ ಜುಲೈ 21ರಂದು ಹ್ಯಾಮಿಲ್ಟನ್ ಫ್ರೆಂಚ್ ಸೇನಾನಿ ಲಾಫಯೆತ್‌ಗೆ ಒಂದು ಕಾಗದ ಬರೆದ. ರೋಡ್ ಐಲೆಂಡಿನಲ್ಲಿದ್ದ ಫ್ರೆಂಚ್ ಪಡೆಯ ಮೇಲೆ ಬ್ರಿಟಿಷರು ಏರಿ ಹೋಗುವ ಸೂಚನೆ ಇದೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಅದು ಕೈಯಿಂದ ಕೈಗೆ ಸಾಗಿ ಮ್ಯಾಸಚೂಸೆಟ್ಸ್ ಸರ್ಕಾರದ ಕಡತ ಸೇರಿತ್ತು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅಲ್ಲಿನ ಕೆಲಸಗಾರನೇ ಅದನ್ನು ಕದ್ದನೆಂದು ನಂಬಲಾಗಿದೆ. 2018ರಲ್ಲಿ ವರ್ಜೀನಿಯಾದ ಒಂದು ಹರಾಜು ಮಳಿಗೆಗೆ ಆ ಕಾಗದ ಬಂತು. ಅಲ್ಲಿನವರು ‘ಫೌಂಡರ್ಸ್ ಆನ್‌ಲೈನ್’ ಎಂಬ ಸಾರ್ವಜನಿಕ ಕೋಶದಲ್ಲಿ ಹುಡುಕಿದಾಗ ಇದೇ ಒಕ್ಕಣೆ ಸಿಕ್ಕಿತು, ಜತೆಗೆ ಅಸಲು ಕಾಣೆಯಾಗಿದೆ ಎಂಬ ಟಿಪ್ಪಣಿಯೂ. ಹಿಂದೆ ಅದನ್ನು ಕೊಂಡಿದ್ದವನ ವಾರಸುದಾರರು ತಾವು ನಂಬಿ ಹಣ ಕೊಟ್ಟ ಮನೆತನದವರೆಂದು ವಾದಿಸಿದರು. ಸಾರ್ವಜನಿಕ ದಾಖಲೆ ಸರ್ಕಾರಕ್ಕೇ ಸೇರಿದ್ದೆಂದು 2021ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಮರುವರ್ಷ ಜುಲೈ 4ರಂದು ಅದನ್ನು ಬಾಸ್ಟನ್ನಿನಲ್ಲಿ ಜನರ ಮುಂದಿಟ್ಟರು. ಕಾಗದದ ಗುರುತು ಹತ್ತಿದ್ದು ಸಹಿಯಿಂದಲ್ಲ, ಸಹಿಯ ಮೇಲಿನ ಸಾಲುಗಳಿಂದ.

ಬೆಲೆಯ ಮಟ್ಟಿಗೂ ಈಗ ಹಾಗೆಯೇ ಆಗುತ್ತಿದೆ. ಕತ್ತರಿಸಿದ ಸಹಿಗೆ ಹಿಂದಿನ ಮರ್ಯಾದೆ ಇಲ್ಲ. 2012ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ವಾಷಿಂಗ್ಟನ್ನನ ಒಂದು ಪುಸ್ತಕ 98 ಲಕ್ಷ ಡಾಲರ್ ಮುಟ್ಟಿತು. ಅದು ಸಂವಿಧಾನವೂ ಮೊದಲ ಸಂಸತ್ತಿನ ಕಾನೂನುಗಳೂ ಇದ್ದ ಅಚ್ಚಿನ ಪ್ರತಿ. ಅಧ್ಯಕ್ಷನ ಅಧಿಕಾರ ಹೇಳುವ ಭಾಗದ ಅಂಚಿನಲ್ಲಿ ವಾಷಿಂಗ್ಟನ್ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದ. ಇದು ನನ್ನ ಕೆಲಸ, ಇದು ನಾನು ಮಾಡಲೇಬೇಕಾದ್ದು ಎಂದು ಆ ಅಧಿಕಾರದ ಕುರ್ಚಿಯಲ್ಲಿ ಮೊದಲು ಕೂತವನು ತನಗೆ ತಾನೇ ಪಾಠ ಒಪ್ಪಿಸಿಕೊಂಡ ಗುರುತುಗಳು. ಅವನ ಮನೆಯಾಗಿದ್ದ ಮೌಂಟ್ ವರ್ನನ್ನನ್ನು ನೋಡಿಕೊಳ್ಳುವ ಮಹಿಳಾ ಸಂಘವೇ ಅದನ್ನು ಕೊಂಡು ಮನೆಗೆ ಕರೆತಂದಿತು.

ಸಹಿಯೇ ಇಲ್ಲದ ಕಾಗದಗಳೂ ಇವೆ. ಹಿಂದಿನ ಸಂಗ್ರಾಹಕರು ಅವನ್ನು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಜೆಫರ್‌ಸನ್ನನ ತೋಟದ ಲೆಕ್ಕದ ಪುಸ್ತಕ ಮ್ಯಾಸಚೂಸೆಟ್ಸ್ ಚರಿತ್ರೆ ಸಂಘದಲ್ಲಿದೆ. ಅವನ ಒಡೆತನದಲ್ಲಿದ್ದ ಗುಲಾಮರ ಹೆಸರು, ಹುಟ್ಟಿದ ವರ್ಷ, ಯಾರಿಗೆ ಎಷ್ಟು ಕಂಬಳಿ, ಎಷ್ಟು ಮೀನು ಎಂಬುದೆಲ್ಲ ಅವನದೇ ಚಿಕ್ಕ ಚೊಕ್ಕ ಅಕ್ಷರಗಳಲ್ಲಿ ಅದರಲ್ಲಿದೆ. ಆ ಜನರ ಮರಿಮಕ್ಕಳ ಮಕ್ಕಳಿಗೆ ತಮ್ಮ ಹಿರಿಯರ ಹೆಸರು ಸಿಗುವುದು ಇಂಥ ಪುಟಗಳಲ್ಲಿ. 1799ರಲ್ಲಿ, ಸಾಯುವ ಆರು ತಿಂಗಳ ಮುಂಚೆ, ವಾಷಿಂಗ್ಟನ್ ಕೂಡ ಮೌಂಟ್ ವರ್ನನ್ನಿನ ಗುಲಾಮರ ಪಟ್ಟಿ ಮಾಡಿದ. ಸೇನೆಗೆ ಆಜ್ಞೆ ಬರೆದ ಅದೇ ದುಂಡನೆಯ ಕೈಯಲ್ಲಿ 317 ಮಂದಿಯ ಹೆಸರು, ವಯಸ್ಸು, ಯಾರಿಗೆ ಯಾರು ಹೆಂಡತಿ, ಯಾರ ಮಕ್ಕಳು ಎಂದು ಸಾಲು ಸಾಲಾಗಿ ಬರೆದ. ಯುದ್ಧದ ಎಂಟು ವರ್ಷವೂ ಕುದುರೆಯ ಮೇಲೆ ಅವನ ಪಕ್ಕದಲ್ಲೇ ಇದ್ದ ಆಳು ಆಮೇಲೆ ಎರಡು ಮಂಡಿಯೂ ಮುರಿದು ಜೋಡು ಹೊಲಿಯುವ ಕೆಲಸಕ್ಕೆ ಕೂತಿದ್ದ. ಪಟ್ಟಿಯಲ್ಲಿ ಅವನು ಬರೀ ‘ವಿಲ್’. ಅದೇ ವರ್ಷದ ಜುಲೈ ತಿಂಗಳಲ್ಲಿ ವಾಷಿಂಗ್ಟನ್ ತನ್ನ ಕೈಯಾರೆ ಇಪ್ಪತ್ತೊಂಬತ್ತು ಪುಟಗಳ ಉಯಿಲು ಬರೆದ. ಆ ಮನುಷ್ಯನಿಗೆ ತಕ್ಷಣ ಬಿಡುಗಡೆ, ವರ್ಷಕ್ಕೆ ಮೂವತ್ತು ಡಾಲರ್ ಜೀವನಾಂಶ ಎಂದು ಅದರಲ್ಲಿ ಗೊತ್ತುಮಾಡಿದ. ಹೆಸರು ಬರೆಯುವ ಕಡೆ, ಇವನು ತನ್ನನ್ನು ವಿಲಿಯಂ ಲೀ ಎಂದು ಕರೆದುಕೊಳ್ಳುತ್ತಾನೆ ಎಂದು ಸೇರಿಸಿದ.